ಅಪ್ಪನ ಕೋವಿಗೆ ಅರ್ಜಿ ಹಾಕಿದ ವರ್ಷ

ಅಪ್ಪ ತೀರಿಕೊಂಡದ್ದು 2023ರ ಜುಲೈಯಲ್ಲಿ, ಮಳೆ ಮೂರು ದಿನ ಬಿಡದೆ ಹೊಡೆಯುತ್ತಿದ್ದಾಗ. ಉತ್ತರಕ್ರಿಯೆ ಮುಗಿದು ನೆಂಟರು ಹೊರಟ ಮೇಲೆ ಮನೆಯಲ್ಲಿ ಉಳಿದವರು ಅಮ್ಮ, ನನ್ನ ತಮ್ಮ ಮತ್ತು ನಾನು. ಜಗುಲಿಯ ಗೋಡೆಗೆ ಹೊಡೆದ ಎರಡು ಮರದ ಗೂಟಗಳ ಮೇಲೆ ಅಪ್ಪನ ಒಂಟಿ ನಳಿಗೆಯ ಕೋವಿ ಎಂದಿನಂತೆ ಅಡ್ಡಲಾಗಿ ಮಲಗಿತ್ತು. ಹೊರಟವರೆಲ್ಲ ಅದನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟುತ್ತ, ಒಂದೇ ಮಾತು ಹೇಳಿ ಹೋಗಿದ್ದರು: “ಒಂಟಿ ಮನೆ. ಕೋವಿಯನ್ನು ಬಿಡಬೇಡಿ. ಯಾರದಾದರೂ ಹೆಸರಿಗೆ ಮಾಡಿಸಿಕೊಳ್ಳಿ.”

ತೀರ್ಥಹಳ್ಳಿ ತಾಲೂಕಿನಲ್ಲಿ ನಮ್ಮ ಮನೆಯಂಥ ಮನೆಗಳು ನೂರಾರು. ಪಕ್ಕದ ಮನೆಯ ದೀಪ ಕಾಣಬೇಕಾದರೆ ಅಡಿಕೆ ತೋಟ ದಾಟಿ, ಹಳ್ಳ ದಾಟಿ, ಗುಡ್ಡದ ಅರ್ಧಕ್ಕೆ ಏರಬೇಕು. ಶಿವಮೊಗ್ಗದಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿದ ನಾನು ಅಪ್ಪನ ಕಾಯಿಲೆಗೆಂದು ಊರಿಗೆ ಬಂದು ಅಲ್ಲೇ ಉಳಿದಿದ್ದೆ. ರಾತ್ರಿ ನಾಯಿ ಬೊಗಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆದ್ದರಿಂದ ನೆಂಟರ ಮಾತು ನನಗೆ ಸರಿಯೆನ್ನಿಸಿತು. ತಮ್ಮನನ್ನು ಕೇಳಿದೆ. ಅವನು ತಲೆ ಎತ್ತದೆ, “ನಿನ್ನ ಹೆಸರಿಗೇ ಆಗಲಿ ಅಕ್ಕ” ಎಂದ. ನನ್ನ ಮೇಲಿನ ಗೌರವದಿಂದ ಹಾಗೆಂದನೆಂದು ಆಗ ತಿಳಿದುಕೊಂಡೆ.

ಮೊದಲ ತಪ್ಪು ನನ್ನದೇ. ಅಪ್ಪ ಸತ್ತ ದಿನವೇ ಅವರ ಪರವಾನಗಿಯೂ ಸತ್ತಿತೆಂಬುದು ನನಗೆ ಹೊಳೆದಿರಲಿಲ್ಲ. ಐದು ವಾರ ಕೋವಿ ಗೋಡೆಯ ಮೇಲೇ ಇತ್ತು. ಗಸ್ತಿಗೆ ಬಂದ ಪೊಲೀಸರೊಬ್ಬರು ಕಾಫಿ ಕುಡಿಯುತ್ತ ಅದನ್ನು ನೋಡಿ ಲೋಟ ಕೆಳಗಿಟ್ಟರು. “ಇದನ್ನು ಇಷ್ಟು ದಿನ ಇಟ್ಟುಕೊಂಡದ್ದು ತಪ್ಪಮ್ಮ. ನಾಳೆಯೇ ತಂದು ಒಪ್ಪಿಸಿ” ಎಂದರು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುವುದು ಅದನ್ನೇ: ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧವನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಗೋಣಿಚೀಲದಲ್ಲಿ ಸುತ್ತಿ, ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಜೀಪಿನಲ್ಲಿ ಕೂತು ಠಾಣೆಗೆ ಹೋದೆ. ರಸೀದಿ ಬರೆದು, ಹಿಡಿಗೆ ಒಂದು ರಟ್ಟಿನ ಚೀಟಿ ಕಟ್ಟಿ, ಕೋಣೆಯ ಮೂಲೆಯಲ್ಲಿ ಒರಗಿಸಿದರು. ಅಲ್ಲಿ ಅಂಥವು ಇನ್ನೂ ಕೆಲವಿದ್ದವು.

ಆಯುಧ ಒಪ್ಪಿಸುವುದೆಂದರೆ ಕನ್ನಡ ಓದಿದವರಿಗೆ ಹಲಗಲಿ ನೆನಪಾಗದೆ ಇರುವುದಿಲ್ಲ. 1857ರಲ್ಲಿ ಮುಧೋಳ ಸೀಮೆಯ ಆ ಪುಟ್ಟ ಊರಿನ ಬೇಡರು, ಆಯುಧ ಕೊಡಿ ಎಂದ ಕಂಪನಿ ಸರ್ಕಾರಕ್ಕೆ ಕೊಡುವುದಿಲ್ಲವೆಂದು ನಿಂತು ಊರಿಗೆ ಊರೇ ಬೆಂಕಿಗೆ ಬಿದ್ದಿತು. ಅವರಿಗೆ ಆಯುಧವೆಂದರೆ ಅನ್ನ ಮತ್ತು ಮಾನ ಎರಡೂ ಆಗಿತ್ತು. ಠಾಣೆಯ ಮೆಟ್ಟಿಲಿಳಿಯುವಾಗ ನನ್ನ ಕೈ ಬರಿದಾದಂತೆ ಅನ್ನಿಸಿದ್ದು ನಿಜ. ಅಪ್ಪನನ್ನು ಇನ್ನೊಮ್ಮೆ ಕಳುಹಿಸಿಕೊಟ್ಟ ಹಾಗೆ.

ಅಮ್ಮನಿಗೆ ಹಾಗೆ ಅನ್ನಿಸಲಿಲ್ಲ. ಆ ರಾತ್ರಿ ಅವಳು ಬೆಳಗಿನ ತನಕ ಮಲಗಿದಳು. ಮರುದಿನ ಹಾಲು ಕಾಯಿಸುತ್ತ, “ನನಗೆ ಎಲೆಕ್ಷನ್ ಬಂದಾಗ ಮಾತ್ರ ಹೀಗೆ ನಿದ್ದೆ ಬರುತ್ತಿತ್ತು” ಎಂದಳು. ನನಗೆ ಅರ್ಥವಾಗಲಿಲ್ಲ. ಚುನಾವಣೆ ಘೋಷಣೆಯಾದರೆ ನಮ್ಮ ಕಡೆ ಪರವಾನಗಿ ಇರುವವರೆಲ್ಲ ಕೋವಿಯನ್ನು ಠಾಣೆಗೆ ಒಯ್ದು ಇಡಬೇಕಾಗುತ್ತದೆ; ಫಲಿತಾಂಶ ಬಂದ ಮೇಲೆ ವಾಪಸು. ಹಂದಿ ಕಾಟದ ಹೊತ್ತಿನಲ್ಲೇ ಇದು ಬಂದರೆ ರೈತರು ಗೊಣಗುತ್ತಾರೆ. ಅಪ್ಪನೂ ಗೊಣಗುತ್ತಿದ್ದರು. ಅದೇ ವರ್ಷದ ಮೇ 10ರ ವಿಧಾನಸಭಾ ಚುನಾವಣೆಗೆಂದು ಅವರು ಕೊನೆಯ ಸಲ ಕೋವಿ ಹೊತ್ತು ಹೋಗಿದ್ದರು. ಆ ದಿನಗಳೇ ಅಮ್ಮನ ನಿದ್ದೆಯ ದಿನಗಳೆಂದು ನನಗೆ ಯಾರೂ ಹೇಳಿರಲಿಲ್ಲ.

ಒಲೆಯ ಮುಂದೆಯೇ ಅವಳು ಉಳಿದದ್ದನ್ನೂ ಹೇಳಿದಳು. ನಾನು ಮೂರನೇ ತರಗತಿಯಲ್ಲಿದ್ದಾಗ ಅಪ್ಪನಿಗೂ ಚಿಕ್ಕಪ್ಪನಿಗೂ ಹಿಸೆಯ ಜಗಳವಾಯಿತು. ಒಂದು ಸಂಜೆ ಮಾತಿಗೆ ಮಾತು ಬೆಳೆದು ಅಪ್ಪ ಗೂಟದಿಂದ ಕೋವಿ ಇಳಿಸಿದರು. ಏನೂ ಆಗಲಿಲ್ಲ. ಚಿಕ್ಕಪ್ಪ ಅಂಗಳಕ್ಕೆ ಇಳಿದು ಹೋದರು. ಅಪ್ಪ ಕೋವಿಯನ್ನು ಮತ್ತೆ ಗೂಟಕ್ಕೆ ಏರಿಸಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ತೋಟಾಗಳ, ಅಂದರೆ ಕಾಡತೂಸುಗಳ, ಪೆಟ್ಟಿಗೆಯನ್ನು ಒಯ್ದು ಭತ್ತದ ಕಣಜದೊಳಗೆ ಹುಗಿದಳು. ಅಂದಿನಿಂದ ಹಂದಿ ಬಂದಾಗಲೆಲ್ಲ ಅಪ್ಪ ಅಮ್ಮನನ್ನು ಎಬ್ಬಿಸಿ ತೋಟಾ ಕೇಳಿ ಪಡೆಯಬೇಕಿತ್ತು. ಅಪ್ಪ ಅದಕ್ಕೆ ಒಮ್ಮೆಯೂ ಎದುರಾಡಲಿಲ್ಲವಂತೆ. ಆ ಸಂಜೆ ತಮ್ಮ ಕೈಗೆ ಏನು ಬಂದಿತ್ತೆಂದು ಅವರಿಗೂ ಗೊತ್ತಿತ್ತು.

ಇಷ್ಟು ಕೇಳಿಯೂ ನಾನು ಅರ್ಜಿ ಹಾಕಿದೆ. ಅಮ್ಮನ ಕಾಲದ ಭಯ ಬೇರೆ, ನನ್ನದು ಬೇರೆ ಎಂದುಕೊಂಡೆ.

ನಮ್ಮಲ್ಲಿ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಯಾಗಿರುವ ಜಿಲ್ಲಾಧಿಕಾರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಪರವಾನಗಿದಾರ ತೀರಿಕೊಂಡರೆ ಆತನ ವಾರಸುದಾರರೊಬ್ಬರಿಗೆ ಪರವಾನಗಿ ಕೊಡಬಹುದು. ಬದುಕಿರುವಾಗಲೂ, ಎಪ್ಪತ್ತು ವರ್ಷ ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು ಇಪ್ಪತ್ತೈದು ವರ್ಷವಾದರೆ, ಆತನೇ ಒಬ್ಬ ವಾರಸುದಾರರನ್ನು ಸೂಚಿಸಬಹುದು. ಅಪ್ಪ ಅದನ್ನು ಮಾಡಿರಲಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮ ಮತ್ತು ತಮ್ಮನ ಒಪ್ಪಿಗೆ ಪತ್ರ, ಪಹಣಿ, ಭಾವಚಿತ್ರ, ಕೋವಿಯನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ. ಇವನ್ನೆಲ್ಲ ಕೂಡಿಸುವಷ್ಟರಲ್ಲಿ ದೀಪಾವಳಿ ಬಂತು. ಒಪ್ಪಿಗೆ ಪತ್ರಕ್ಕೆ ತಮ್ಮ ಓದದೆಯೇ ರುಜು ಹಾಕಿದ.

ವೈದ್ಯರು ಒಳ್ಳೆಯವರು. ಕಣ್ಣು ನೋಡಿದರು, ರಕ್ತದೊತ್ತಡ ನೋಡಿದರು. ನಿದ್ದೆ ಬರುತ್ತದೆಯೇ, ಹಿಂದೆ ಮನೋರೋಗಕ್ಕೆ ಔಷಧ ತೆಗೆದುಕೊಂಡದ್ದುಂಟೇ, ಕುಡಿತವುಂಟೇ ಎಂದು ಕೇಳಿ ರುಜು ಮಾಡಿದರು. ನನ್ನ ಬಗ್ಗೆ ಮಾತ್ರ ಕೇಳಿದರು. ಆ ನಮೂನೆಯಲ್ಲಿ ಇರುವುದೂ ಅಷ್ಟೇ. ಕೋವಿ ಒಬ್ಬರ ಹೆಸರಿಗೆ ಬರುತ್ತದೆ, ಇರುವುದು ಮಾತ್ರ ಮೂವರ ಮನೆಯಲ್ಲಿ. ಉಳಿದ ಇಬ್ಬರು ಹೇಗಿದ್ದಾರೆಂದು ಇಡೀ ವರ್ಷದಲ್ಲಿ ಯಾವ ಕಾಗದವೂ ನನ್ನನ್ನು ಕೇಳಲಿಲ್ಲ. ಈ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ, ನನ್ನ ಮೇಲೂ ಸೇರಿದಂತೆ.

ಜನವರಿಯಲ್ಲಿ ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಸೇರಿದೆ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿರಬೇಕು. ಹೆಂಗಸರು ಮೂವರೇ ಇದ್ದೆವು. ನನಗೆ ಆ ದಿನಗಳು ತುಂಬ ಹಿಡಿಸಿದವು, ಅದನ್ನು ಮುಚ್ಚಿಡುವುದಿಲ್ಲ. ಕೋವಿಯ ಹಿಡಿಯನ್ನು ಭುಜದ ಗುಳಿಗೆ ಒತ್ತಿ, ಕೆನ್ನೆ ಇಳಿಸಿ, ಉಸಿರನ್ನು ಅರ್ಧಕ್ಕೆ ನಿಲ್ಲಿಸಿದಾಗ ಲೋಕವೆಲ್ಲ ಒಂದು ಚುಕ್ಕೆಗೆ ಬಂದು ನಿಲ್ಲುತ್ತದೆ. ಹನ್ನೆರಡು ಬೋರು ಎಂದರೇನೆಂದು ಅಲ್ಲಿ ತಿಳಿಯಿತು: ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರೆದರೆ, ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ. ತರಬೇತಿ ಕೊಟ್ಟವರು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದದ್ದು ನಾಲ್ಕೇ ಮಾತು. ಬರಿದೆಂದು ಕಂಡರೂ ಒಳಗೆ ಗುಂಡಿದೆಯೆಂದೇ ತಿಳಿಯಿರಿ. ಕೊಲ್ಲಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಿಸಬೇಡಿ. ಗುರಿ ಹಿಡಿಯುವ ತನಕ ಬೆರಳು ಕುದುರೆಯ (ಟ್ರಿಗರ್) ಹತ್ತಿರ ಹೋಗಬಾರದು. ಗುರಿಯ ಹಿಂದೆ ಏನಿದೆ ಎಂದು ನೋಡದೆ ಹೊಡೆಯಬೇಡಿ.

ನಾಲ್ಕನೆಯ ಮಾತು ಬಂದಾಗ ನಮ್ಮ ಮಲೆನಾಡಿನವರೆಲ್ಲ ಸುಮ್ಮನಾದರು. ಕತ್ತಲಲ್ಲಿ ತರಗೆಲೆಯ ಸದ್ದಿಗೆ ಈಡು ಹೊಡೆದು, ಹಂದಿಯೆಂದು ಓಡಿ ಹೋಗಿ ನೋಡಿದರೆ ಜೊತೆಗೆ ಬಂದವನೇ ಬಿದ್ದಿದ್ದ ಎಂಬ ಸಂಗತಿ ನಮ್ಮ ಕಡೆ ಪ್ರತಿ ಹೋಬಳಿಯಲ್ಲೂ ಒಂದಾದರೂ ಇದೆ. ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುತ್ತಿದ್ದ ಒಬ್ಬರ ತೊಡೆಯಲ್ಲಿ ಇಪ್ಪತ್ತು ವರ್ಷದಿಂದ ಚರೆ ಉಳಿದುಕೊಂಡಿತ್ತು. ಹೊಡೆದವರು ಅವರ ಸ್ವಂತ ಭಾವ. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಯಿಂದ ಹಂದಿಯನ್ನು ಕೊಲ್ಲುವ ಹಕ್ಕೇನೂ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅನುಮತಿಯಿಲ್ಲದೆ ಕೊಂದರೆ ಅಪರಾಧ. ಅಪ್ಪ ಮುಗಿಲಿಗೆ ಒಂದು ಈಡು ಹೊಡೆದು ಬರುತ್ತಿದ್ದರು. ಸದ್ದಿಗೆ ಹಂದಿ ಹೋಗುತ್ತಿತ್ತು, ಮೂರನೆಯ ದಿನ ಮತ್ತೆ ಬರುತ್ತಿತ್ತು.

ತರಬೇತಿಯಲ್ಲಿ ಜೊತೆಯಾದ ಮಡಿಕೇರಿ ಮೂಲದ ಹುಡುಗಿಯೊಬ್ಬಳು ನನ್ನ ಅರ್ಜಿಯ ಕಂತೆ ನೋಡಿ ಬೆರಗಾದಳು. ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜಿಸುತ್ತಾರೆ. ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. “ನಮ್ಮಲ್ಲಿ ಅದು ಮನೆಯ ಹಿರಿಯರ ಹಾಗೆ” ಎಂದಳು. ಅವಳ ಮಾತಿನಲ್ಲಿದ್ದ ಅಕ್ಕರೆ ನನಗೆ ಅರ್ಥವಾಯಿತು. ಆಯುಧಪೂಜೆಯ ದಿನ ಅಪ್ಪನೂ ಕತ್ತಿ, ಹಾರೆ, ಗುದ್ದಲಿಯ ಪಕ್ಕದಲ್ಲಿ ಕೋವಿಯನ್ನಿಟ್ಟು ಕುಂಕುಮ ಹಚ್ಚುತ್ತಿದ್ದರು. ಇಂಥ ನಂಟನ್ನು ಹಗುರವಾಗಿ ನೋಡುವವರ ಜೊತೆ ನಾನಿಲ್ಲ. ಆದರೆ ನಾನು ಅರ್ಜಿ ಹಾಕಿದ್ದು ಪೂಜೆಗಲ್ಲ. ರಾತ್ರಿ ನಿಶ್ಚಿಂತೆಯಿಂದ ಮಲಗಲು.

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂತು. ಕಡತ ನಿಂತಿತು. ನಮ್ಮಲ್ಲಿ ಮತದಾನ ಮೇ 7ಕ್ಕೆ. ಎಲ್ಲ ಮುಗಿದು ಕಚೇರಿಗಳು ಉಸಿರಾಡುವಷ್ಟರಲ್ಲಿ ಜೂನ್ ಎರಡನೇ ವಾರ. ಮಳೆಗಾಲ ಹಿಡಿದ ಮೇಲೆ ಪೊಲೀಸ್ ವಿಚಾರಣೆಗೆ ಕರೆ ಬಂತು. ಅರ್ಜಿಯಲ್ಲಿ ನಾನು ಬೆಳೆ ರಕ್ಷಣೆ, ಆತ್ಮರಕ್ಷಣೆ ಎರಡನ್ನೂ ಬರೆದಿದ್ದೆ. ಅಧಿಕಾರಿ ಎರಡನೆಯದರ ಮೇಲೆ ಪೆನ್ನಿಟ್ಟು ಕೇಳಿದರು: “ಯಾರಿಂದ ಭಯವಿದೆ? ಹೆಸರು ಹೇಳಿ.”

ನನ್ನ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಹಿಂದಿನ ನಲವತ್ತು ವರ್ಷಗಳಲ್ಲಿ ನಮ್ಮ ಮನೆಗೆ ಕಳ್ಳ ಬಂದದ್ದು ಒಂದೇ ಸಲ. ಒಣಗಲು ಹಾಕಿದ್ದ ಅಡಿಕೆಯ ಎರಡು ಮೂಟೆ ಹೋಯಿತು, ಕೋವಿ ಗೋಡೆಯ ಮೇಲಿತ್ತು, ಯಾರಿಗೂ ಎಚ್ಚರವಾಗಲಿಲ್ಲ. ಇನ್ನೊಂದು ಭಯ 2005ರ ಆಸುಪಾಸಿನದು. ಆ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮೇಲೆ ಇಡೀ ಮಲೆನಾಡು ಬಾಗಿಲು ಹಾಕಿಕೊಂಡು ಕೂತಿತ್ತು. ಕಾಡಿನವರು ಕೋವಿ ಕೇಳಿಕೊಂಡು ಬಂದಾರೆಂಬ ಹೆದರಿಕೆಯಿಂದ ಅಪ್ಪ ಅದನ್ನು ಹುಲ್ಲಿನ ಅಟ್ಟದಲ್ಲಿ ಬಚ್ಚಿಟ್ಟು, ತಾವು ಬಾಗಿಲಿಗೆ ಅಡ್ಡ ಮಲಗುತ್ತಿದ್ದರು. ಕಾಯಲಿ ಎಂದು ತಂದ ವಸ್ತುವನ್ನೇ ರಾತ್ರಿಯಿಡೀ ಕಾದ ದಿನಗಳವು. ಯಾರೂ ಬರಲಿಲ್ಲ. ಅಧಿಕಾರಿಯ ಮುಂದೆ ನಾನು “ಒಂಟಿ ಮನೆ ಸಾರ್” ಎಂದಷ್ಟೇ ಹೇಳಿದೆ. ಅವರು ಬರೆದುಕೊಂಡರು.

ಕಡತ ನಿಂತಿದ್ದ ತಿಂಗಳುಗಳಲ್ಲಿ ನಾನು ಸಾಕಷ್ಟು ಓದಿದ್ದೆ. ಅಮೆರಿಕದಲ್ಲಿ ಈ ಪ್ರಶ್ನೆಯನ್ನು ದೊಡ್ಡ ಲೆಕ್ಕದಲ್ಲಿ ಅಳೆದಿದ್ದಾರೆ. ಅಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷಗಳ ಅವಧಿಗೆ ಹಿಂಬಾಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಕೈಬಂದೂಕು ಇಲ್ಲದ ಗಂಡಸರಿಗೆ ಹೋಲಿಸಿದರೆ ಇದ್ದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಂಡ ಪ್ರಮಾಣ ಸುಮಾರು ಎಂಟು ಪಟ್ಟು. ಹೆಂಗಸರಲ್ಲಿ ಮೂವತ್ತೈದು ಪಟ್ಟು. ಅದೇ ತಂಡ 2022ರಲ್ಲಿ ಇನ್ನೊಂದನ್ನು ತೋರಿಸಿತು: ಬಂದೂಕಿನೊಡೆಯರ ಜೊತೆ ಒಂದೇ ಸೂರಿನಡಿ ಇರುವವರು ಬಾಳಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಉಳಿದವರಿಗಿಂತ ಏಳು ಪಟ್ಟು.

ಅಲ್ಲಿನದು ಪಿಸ್ತೂಲು, ನಮ್ಮದು ಹಂದಿ ಓಡಿಸುವ ಒಂಟಿ ನಳಿಗೆ. ಅಲ್ಲಿನ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದು ಸುರಿಯಬಾರದು ಎಂಬುದು ನನಗೂ ತಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹತಾಶರಾದವರ ಕೈಗೆ ಮೊದಲು ಸಿಗುವುದು ತೋಟಕ್ಕೆ ಹೊಡೆಯುವ ವಿಷ. ಆದರೆ ವಿಷದ ವಿಷಯದಲ್ಲೂ ಪಾಠ ಒಂದೇ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಲ್ಲಿ ತುದಿ ಮುಟ್ಟಿದ್ದ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಜನರ ಕಷ್ಟ ಅಷ್ಟು ಇಳಿದಿರಲಿಲ್ಲ. ಕೆಟ್ಟ ಗಳಿಗೆ ಹಾದುಹೋಗುವ ತನಕ ಸಾವು ಕೈಗೆಟುಕದಷ್ಟು ದೂರವಿತ್ತು, ಅಷ್ಟೇ. ಆ ಗಳಿಗೆ ಬಹಳ ಸಲ ತುಂಬ ಚಿಕ್ಕದಿರುತ್ತದೆ.

ಓದಿದ್ದನ್ನೆಲ್ಲ ನಾನು ಇನ್ನಾರದೋ ಮನೆಯ ಸಂಗತಿಯಂತೆ ಓದಿಕೊಂಡಿದ್ದೆ.

ಆಗಸ್ಟ್‌ನಲ್ಲಿ, ಪರವಾನಗಿ ಇನ್ನೇನು ಬರಲಿದೆ ಎಂದಾಗ, ಕೋವಿಯನ್ನು ಎಲ್ಲಿಡುವುದೆಂದು ಗೊತ್ತುಮಾಡಲು ಕೂತೆ. ತರಬೇತಿಯಲ್ಲಿ ಹೇಳಿದ್ದರು: ಕೋವಿ ಬೀರುವಿನಲ್ಲಿ ಬೀಗ ಹಾಕಿ, ತೋಟಾ ಬೇರೆ ಕಡೆ ಬೇರೆ ಬೀಗದಲ್ಲಿ. ಸರಿ, ನಡುಮನೆಯ ಕಬ್ಬಿಣದ ಬೀರು ಕೋವಿಗೆ. ಅಟ್ಟದ ಮೇಲಿನ ಟ್ರಂಕು ತೋಟಾಕ್ಕೆ. ಎರಡು ಬೀಗದ ಕೈ ಎರಡು ಜಾಗದಲ್ಲಿ. ಒಂದು ರಾತ್ರಿ ದೀಪ ಆರಿಸಿ, ಕೋವಿಯ ಬದಲು ಅಪ್ಪನ ಊರುಗೋಲನ್ನು ಬೀರುವಿನಲ್ಲಿಟ್ಟು, ಮೊಬೈಲಿನಲ್ಲಿ ಸಮಯ ನೋಡಿಕೊಂಡು ನಾನೇ ಪರೀಕ್ಷೆ ಮಾಡಿದೆ. ಎದ್ದು, ಬೀಗದ ಕೈ ಹುಡುಕಿ, ಬೀರು ತೆಗೆದು, ಏಣಿ ಹತ್ತಿ, ಟ್ರಂಕು ತೆಗೆದು, ಇಳಿದು ಬರುವಷ್ಟರಲ್ಲಿ ನಾಲ್ಕು ನಿಮಿಷ ಹತ್ತು ಸೆಕೆಂಡು. ಬಾಗಿಲು ಒಡೆದವನು ಅಷ್ಟು ಹೊತ್ತು ಹೊಸ್ತಿಲಲ್ಲಿ ಕಾಯುವುದಿಲ್ಲ. ಬೇಗ ಸಿಗಬೇಕಾದರೆ ಬೀಗ ತೆಗೆಯಬೇಕು. ತೆಗೆದರೆ ಅದು ನನಗೆ ಎಷ್ಟು ಬೇಗ ಸಿಗುತ್ತದೆಯೋ ಮನೆಯಲ್ಲಿರುವ ಎಲ್ಲರಿಗೂ ಅಷ್ಟೇ ಬೇಗ ಸಿಗುತ್ತದೆ.

ಏಣಿ ಇಳಿದು ತಿರುಗಿದಾಗ ತಮ್ಮ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬೆಳಕು ಹಾಕಲು ಹೋದವಳನ್ನು ತಡೆದ.

“ಬೇಡ ಅಕ್ಕ. ಈ ವರ್ಷ ಕೋವಿ ಬೇಡ.”

“ಯಾಕೋ?”

“ನೀನು ಬೀಗದ ಕೈ ಎಲ್ಲಿಟ್ಟರೂ ನನಗೆ ಗೊತ್ತಾಗುತ್ತದೆ.”

ಅಷ್ಟೇ ಹೇಳಿದ. ಮೂರು ವರ್ಷದಿಂದ ಎಲೆಚುಕ್ಕೆ ರೋಗ ನಮ್ಮ ತೋಟವನ್ನು ಸುಡುತ್ತ ಬಂದಿತ್ತು. ಅಡಿಕೆ ಸೋಗೆಯ ಮೇಲೆ ಕಂದು ಚುಕ್ಕೆ ಮೂಡಿ, ಹರಡಿ, ಗರಿ ಒಣಗಿ ಬೀಳುವುದನ್ನು ದಿನವೂ ನೋಡುತ್ತಿದ್ದವನು ಅವನು. ಸಾಲದ ಕಂತು ಕಟ್ಟುತ್ತಿದ್ದವನೂ ಅವನೇ. ಅವನು ರಾತ್ರಿ ಮಲಗುತ್ತಿಲ್ಲವೆಂದು ನನಗೆ ಗೊತ್ತಿತ್ತು, ಹಂದಿ ಕಾಯುತ್ತಾನೆಂದು ತಿಳಿದಿದ್ದೆ. ನನ್ನ ಮನಸ್ಸಿನ ಆರೋಗ್ಯಕ್ಕೆ ಪ್ರಮಾಣಪತ್ರ ತರಲು ಎರಡು ದಿನ ಓಡಾಡಿದ ನಾನು ಅವನನ್ನು ಒಂದು ಮಾತು ಕೇಳಿರಲಿಲ್ಲ. ಆ ಕತ್ತಲಲ್ಲೇ ಇಬ್ಬರೂ ಏಣಿಯ ಬುಡದಲ್ಲಿ ಕೂತೆವು. ಬೆಳಗಾಗುವ ತನಕ ಅವನು ಮಾತಾಡಿದ. ನಾನು ಕೇಳಿದೆ.

ಮರುದಿನ 14416ಕ್ಕೆ ಕರೆ ಮಾಡಿದೆವು, ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿಗೆ. ಕನ್ನಡದಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದರು. ಹದಿನೈದು ದಿನಕ್ಕೊಮ್ಮೆ ನಾನೂ ಅವನೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ತೋಟಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನೂ ಮನೆಯಿಂದ ತೆಗೆಸಿ, ಗುಡ್ಡದಾಚೆಯ ನೆರೆಮನೆಯವರ ಗೋದಾಮಿನಲ್ಲಿ ಇಟ್ಟೆವು. ಅವರು ಕಾರಣ ಕೇಳಲಿಲ್ಲ. ಬೇಕಾದ ದಿನ ಬೇಕಾದಷ್ಟನ್ನೇ ತಾವೇ ತಂದುಕೊಟ್ಟರು. ಒಂಟಿ ಮನೆಗೆ ನಿಜವಾದ ಕಾವಲು ಯಾವುದು ಎಂದು ಇಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ನೆರೆಯವರನ್ನು.

ಸೆಪ್ಟೆಂಬರ್‌ನಲ್ಲಿ ಪರವಾನಗಿ ಮಂಜೂರಾಯಿತು, ಐದು ವರ್ಷಕ್ಕೆ. ಕೋವಿ ನನ್ನದಾಯಿತು. ಅದನ್ನು ಠಾಣೆಯಿಂದ ಬಿಡಿಸಿದಾಗ ಒಂದು ಮಳೆಗಾಲವಿಡೀ ಮೂಲೆಯಲ್ಲಿ ನಿಂತು ನಳಿಗೆಗೆ ತುಕ್ಕು ಹಿಡಿದಿತ್ತು. ಮನೆಗೆ ತರಲಿಲ್ಲ. ನೇರವಾಗಿ ಶಿವಮೊಗ್ಗಕ್ಕೆ ಒಯ್ದು ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಟ್ಟೆ. ಅದನ್ನು ಮಾರಬಹುದಿತ್ತು, ಮನಸ್ಸು ಬರಲಿಲ್ಲ. ಅಪ್ಪನ ಕೆನ್ನೆ ತಾಗಿ ತಾಗಿ ಹಿಡಿಯ ಒಂದು ಕಡೆ ಮರ ನುಣುಪಾಗಿದೆ. ಅಂಗಡಿಯವರು ನಮೂನೆ ತುಂಬುತ್ತ ಕಾರಣ ಕೇಳಿದರು. “ಮನೆಯಲ್ಲಿ ಸದ್ಯ ಇಡುವ ಅನುಕೂಲವಿಲ್ಲ” ಎಂದೆ. ಅವರು ತಲೆಯಾಡಿಸಿ, ಇಂಥವು ತಮ್ಮಲ್ಲಿ ಬೇಕಾದಷ್ಟಿವೆ ಎಂದು ಒಳಗೆ ಒಯ್ದರು.

ಊರಿನಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಒಂದು ವರ್ಷ ಅಲೆದು ಪರವಾನಗಿ ಮಾಡಿಸಿ ಕೋವಿಯನ್ನು ಪೇಟೆಯಲ್ಲಿ ಇಟ್ಟು ಬಂದವಳು ಎಂದು ಮದುವೆ ಮನೆಗಳಲ್ಲಿ ಮಾತಾಯಿತು. ತಮ್ಮನ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿರುವುದು ಅವನು ಬರೆ ಎಂದದ್ದರಿಂದ. ಬರೆದದ್ದನ್ನು ಅವನಿಗೆ ಓದಿ ತೋರಿಸಿದ್ದೇನೆ. ಏಣಿಯ ಬುಡದಲ್ಲಿ ಅವನು ಆಡಿದ ಮಾತುಗಳನ್ನು ಬಿಡು ಎಂದ, ಬಿಟ್ಟಿದ್ದೇನೆ.

ಹಂದಿಗೆಂದು ಗದ್ದೆಯ ಮೂರು ದಿಕ್ಕಿಗೆ ಸೋಲಾರ್ ಬೇಲಿ ಹಾಕಿಸಿದೆವು. ಅಂಗಳದ ಎರಡು ಮೂಲೆಗೆ ದೀಪ, ಹೆಬ್ಬಾಗಿಲಿಗೆ ಹೊಸ ಅಗುಳಿ, ಮತ್ತೊಂದು ನಾಯಿ. ಡಿಸೆಂಬರ್‌ನಲ್ಲಿ ಹಂದಿಗಳು ಬೇಲಿಯಿಲ್ಲದ ಹಳ್ಳದ ಕಡೆಯಿಂದ ನುಗ್ಗಿ ಕೊಯ್ಲಿಗೆ ಬಂದಿದ್ದ ಒಂದು ಮಡಿಯನ್ನು ಹಾಳುಮಾಡಿದವು. ಡಬ್ಬ ಬಡಿದು ಓಡಿಸಿ ಬಂದ ತಮ್ಮ, ಕಾಲು ತೊಳೆದು ಒಂಬತ್ತು ಗಂಟೆಯ ತನಕ ಮಲಗಿದ. ಅಮ್ಮ ಎಬ್ಬಿಸಲು ಬಿಡಲಿಲ್ಲ. ಈ ಸಲ ಮಳೆ ಹಿಡಿಯುವ ಮುಂಚೆ ಹಳ್ಳದ ಕಡೆಗೂ ತಂತಿ ಎಳೆಸಬೇಕು.